ನೆಲ ಕೆದಕುವ ನಾಯಿಯೊಡನೆ ಗೃಹವಾಸ

ನಾಯಿಯು ಮನುಷ್ಯನ ಅತಿ ಪುರಾತನ ಸಹವಾಸಿಯೆಂಬುದು ಸರ್ವವಿದಿತವಾದ ವಿಷಯ. ಅದರ ನಿಷ್ಠೆಯನ್ನೂ ಧೈರ್ಯವನ್ನೂ ಹೊಗಳಿ ಬರೆದವರು ಬಹುಮಂದಿ. ಆದರೆ ಅದೇ ನಾಯಿಯು ಅಂಗಳವನ್ನು ಅಗೆದು ಹಾಳುಮಾಡಿದಾಗ ಗೃಹಸ್ಥನಾದವನು ಏನು ಮಾಡತಕ್ಕದ್ದೆಂಬುದನ್ನು ಬರೆದವರು ವಿರಳ. ಬೆಳಗಾಗೆದ್ದು ಬಾಗಿಲು ತೆರೆದೊಡನೆ, ಹಿಂದಿನ ದಿನ ನೆಟ್ಟ ಸಸಿಯು ಬೇರು ಮೇಲಾಗಿ ಬಿದ್ದಿರುವುದನ್ನೂ, ಅದರ ಪಕ್ಕದಲ್ಲಿ ಮೂತಿಯ ತುಂಬ ಕೆಮ್ಮಣ್ಣು ಮೆತ್ತಿಕೊಂಡು ಬಾಲವನ್ನಲ್ಲಾಡಿಸುತ್ತ ನಿಂತ ಅಪರಾಧಿಯನ್ನೂ ಕಂಡವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಅಂತಹವರಿಗೆ ಯತ್ಕಿಂಚಿತ್ ಉಪಯೋಗವಾದೀತೆಂಬ ಭಾವನೆಯಿಂದ ನಮ್ಮ ಅನುಭವವನ್ನು ಇಲ್ಲಿ ನಿವೇದಿಸುತ್ತೇವೆ. ಇದರಲ್ಲಿ ನಮ್ಮ ತಪ್ಪಿನ ವೃತ್ತಾಂತವೂ ಉಂಟು. ಅದನ್ನು ಮುಚ್ಚಿಟ್ಟು ಉಪದೇಶವನ್ನು ಮಾತ್ರ ಮಾಡುವುದು ನ್ಯಾಯವಲ್ಲ.

ಮೈಸೂರಿನ ಹೊರವಲಯದಲ್ಲಿರುವ ನಮ್ಮ ಮನೆಗೆ ಹಿಂದೆ ಒಂದು ಸಣ್ಣ ಹಿತ್ತಲುಂಟು. ಐದು ವರ್ಷಗಳ ಕೆಳಗೆ ಒಂದು ಮಳೆಯ ಸಂಜೆ ಬೀದಿಯ ಚರಂಡಿಯಲ್ಲಿ ನೆನೆದು ನಡುಗುತ್ತಿದ್ದ ಹೆಣ್ಣು ಮರಿಯೊಂದನ್ನು ನಮ್ಮ ಮನೆಯವರು ಸೆರಗಿನಲ್ಲಿ ಸುತ್ತಿ ತಂದರು. ಜಾತಿಯ ನಾಯಿಯೇನೂ ಅಲ್ಲ, ಕಂದುಬಣ್ಣದ ನಾಡುನಾಯಿ. ಇಂದ್ರನ ಅಪ್ಪಣೆಯಂತೆ ಪಣಿಗಳು ಬಚ್ಚಿಟ್ಟಿದ್ದ ಗೋವುಗಳನ್ನು ಅರಸಿಹೋದ ದೇವಶುನಿಯ ಹೆಸರನ್ನು ಋಗ್ವೇದದಿಂದ ತೆಗೆದು ನಾವು ಅದಕ್ಕೆ ‘ಸರಮಾ’ ಎಂದು ನಾಮಕರಣ ಮಾಡಿದೆವು. ಸಂಸ್ಕೃತದಲ್ಲಿ ನಾಯಿಗೆ ‘ಸಾರಮೇಯ’ ಎಂಬ ಹೆಸರು ಬಂದದ್ದು ಅವಳಿಂದಲೇ ಅಲ್ಲವೆ? ಆದರೆ ನಮ್ಮ ಮನೆಯವರ ಬಾಯಲ್ಲಿ ಆ ವೈದಿಕ ನಾಮವು ಎರಡೇ ದಿನಗಳಲ್ಲಿ ‘ಸರಸು’ ಎಂದಾಯಿತು. ನಾಯಿಯೂ ಆ ಹೆಸರಿಗೇ ಓಗೊಟ್ಟಿತು.

ಕಳೆದ ಕಾರ್ತಿಕಮಾಸದಲ್ಲಿ ನಮ್ಮ ಮನೆಯವರು ಕಾಲವಾದರು. ಹಿತ್ತಲಲ್ಲಿ ಅವರು ಕೈಯಾರೆ ನೆಟ್ಟು ಬೆಳೆಸಿದ ಮೂರು ಮಲ್ಲಿಗೆ ಬಳ್ಳಿಗಳು ಉಳಿದವು. ಅವುಗಳಿಗೆ ನೀರೆರೆಯುವುದೊಂದೇ ನಮಗೆ ಆ ದಿನಗಳಲ್ಲಿದ್ದ ನಿತ್ಯಕರ್ಮ. ಸರಸುವು ನೆಲ ಕೆದಕಲು ತೊಡಗಿದ್ದು ಅದಾದ ಒಂದು ತಿಂಗಳಿಗೆ. ಮೊದಲು ಗೋಡೆಯ ಬುಡ, ಆಮೇಲೆ ಬಾಳೆಯ ಪಾತಿ, ಆಮೇಲೆ ಒಗೆಯುವ ಕಲ್ಲಿನ ಪಕ್ಕ. ನಾವು ಗದರಿಸಿದೆವು, ಗುಂಡಿಗಳನ್ನು ಮುಚ್ಚಿದೆವು, ಅದು ಮರಳಿ ತೋಡಿತು. ಮಾಘಮಾಸದ ಒಂದು ಮಧ್ಯಾಹ್ನ ನಾವು ನಿದ್ರೆಯಿಂದೆದ್ದು ನೋಡುವಾಗ ಮೂರು ಮಲ್ಲಿಗೆಗಳಲ್ಲಿ ಒಂದು ಬುಡಸಹಿತ ಕಿತ್ತು ಬಿದ್ದಿತ್ತು. ನಮಗೆ ಬಂದ ಕೋಪವನ್ನು ವರ್ಣಿಸಲಾರೆವು. ಕೈಗೆ ಸಿಕ್ಕ ಕೊಡೆಯಿಂದ ಆ ಮೂಕಪ್ರಾಣಿಯನ್ನು ಹೊಡೆದೆವು. ಅನಂತರ ಹಿಂಬಾಗಿಲ ಕಂಬಕ್ಕೆ ಗಿಡ್ಡ ಸರಪಳಿಯಲ್ಲಿ ಕಟ್ಟಿದೆವು. ಒಂಬತ್ತು ದಿನ ಅದು ಆ ಕಂಬದ ಬಳಿಯಲ್ಲೇ ಇದ್ದಿತು. ಅನ್ನವನ್ನು ಅರ್ಧ ತಿಂದು ಬಿಡುತ್ತಿತ್ತು. ಮುಂಗಾಲನ್ನು ಎಡೆಬಿಡದೆ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತು.

ಶಿವರಾತ್ರಿಗೆ ನಮ್ಮ ಮಗಳು ಊರಿಂದ ಬಂದಳು. ತಂದೆಯನ್ನು ‘ಅಣ್ಣ’ ಎಂದು ಕರೆಯುವುದು ನಮ್ಮ ಮನೆಯ ವಾಡಿಕೆ. ಅವಳು ನಾಯಿಯನ್ನು ನೋಡಿದಳು, ಕಿತ್ತ ಮಲ್ಲಿಗೆಯನ್ನೂ ನೋಡಿದಳು. ಆಮೇಲೆ ಮೆಲ್ಲಗೆ, “ಅಣ್ಣ, ಇದನ್ನು ದಿನವೂ ತಿರುಗಾಡಿಸಿಕೊಂಡು ಬರುತ್ತಿದ್ದವರು ಯಾರು?” ಎಂದು ಕೇಳಿದಳು.

“ನಿಮ್ಮಮ್ಮ” ಎಂದೆವು.

“ಈಗ?”

ನಮ್ಮಲ್ಲಿ ಉತ್ತರವಿರಲಿಲ್ಲ. ಬೆಳಗ್ಗೆ ಹಾಲು ತರುವ ನೆಪದಲ್ಲಿ ಒಮ್ಮೆ, ಸಂಜೆ ದೇವಸ್ಥಾನದ ಕಡೆಗೆ ಒಮ್ಮೆ, ಹೀಗೆ ಎರಡು ಹೊತ್ತೂ ಸರಸು ಅವರ ಹಿಂದೆ ಹೋಗುತ್ತಿದ್ದಿತು. ಅವರು ಹೋದ ಮೇಲೆ ಅದು ಹಿತ್ತಲನ್ನು ಬಿಟ್ಟು ಒಂದು ಹೆಜ್ಜೆಯೂ ಹೊರಗಿಟ್ಟಿರಲಿಲ್ಲ. ನಾವೂ ಇಟ್ಟಿರಲಿಲ್ಲವೆಂದೇ ಹೇಳಬೇಕು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಮಗೆ ಆ ಕ್ಷಣದಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಅದೆಷ್ಟೋ ಹುಡುಗರ ಮುಖಗಳು ಕಣ್ಣಿಗೆ ಕಟ್ಟಿದವು. ಅವರಲ್ಲಿ ಎಷ್ಟು ಮಂದಿಯನ್ನು “ಏಕೆ ಹೀಗೆ ಮಾಡಿದೆ?” ಎಂದು ನಿಜವಾಗಿ ತಿಳಿಯುವ ಮನಸ್ಸಿನಿಂದ ಕೇಳಿದ್ದೆವು? ಅಂದೇ ಸರಪಳಿಯನ್ನು ಬಿಚ್ಚಿದೆವು. ಅತಿಗಿಡ್ಡವಾದ ಅಥವಾ ಅತಿಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಯುಕ್ತವಲ್ಲದಷ್ಟು ಕಾಲ ಕಟ್ಟಿಹಾಕುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಶಾಸನದಂತೆ ಅಪರಾಧವೆಂಬುದನ್ನು ನಾವು ತಿಳಿದದ್ದು ಆ ಮೇಲೆ. ತಿಳಿದಾಗ ನಾಚಿಕೆಯು ಇಮ್ಮಡಿಯಾಯಿತು.

ಇನ್ನು ವಿಷಯಕ್ಕೆ ಬರೋಣ. ನಾಯಿಯು ನೆಲವನ್ನು ಕೆದಕುವುದು ದುಷ್ಟತನದಿಂದಲ್ಲ. ಅದು ಅದರ ಜನ್ಮಸಿದ್ಧವಾದ ಗುಣ. ಬೆಕ್ಕಿನ ಉಗುರಿನಂತೆ ನಾಯಿಯ ಉಗುರು ಒಳಗೆ ಸೇರುವುದಿಲ್ಲ. ಸದಾ ಹೊರಗೇ ಇದ್ದು ಗುದ್ದಲಿಯ ಕೆಲಸಕ್ಕೆ ಒದಗುತ್ತದೆ. ಪಾಶ್ಚಾತ್ಯರು ಈ ಗುಣವನ್ನೇ ಆರಿಸಿ ಬೆಳೆಸಿ ಕೆಲವು ತಳಿಗಳನ್ನು ಮಾಡಿಕೊಂಡಿದ್ದಾರೆ. ‘ಟೆರಿಯರ್’ ಎಂಬ ಹೆಸರಿನ ಮೂಲವು ಭೂಮಿ ಎಂಬರ್ಥದ ಲ್ಯಾಟಿನ್ ಶಬ್ದ. ಗಿಡ್ಡಕಾಲಿನ ನೀಳದೇಹದ ‘ಡ್ಯಾಕ್ಸ್‌ಹಂಡ್’ ಎಂಬುದಕ್ಕೆ ಜರ್ಮನ್ ಭಾಷೆಯಲ್ಲಿ ಬಿಲ ತೋಡಿ ವಾಸಿಸುವ ‘ಬ್ಯಾಡ್ಜರ್’ ಎಂಬ ಮೃಗವನ್ನು ಹಿಡಿಯುವ ನಾಯಿ ಎಂದರ್ಥ. ಬಿಲದೊಳಗೆ ನುಗ್ಗಿ ಬೇಟೆಯಾಡಲೆಂದೇ ಬೆಳೆಸಿದ ಇಂತಹ ನಾಯಿಯನ್ನು ಸಾಕಿ, ಅದು ತೋಟವನ್ನು ಅಗೆಯಬಾರದೆಂದರೆ ಹೇಗೆ?

ಅಗೆಯುವುದಕ್ಕೆ ಕಾರಣಗಳು ಹಲವು. ಯಾವ ಕಾರಣವೆಂಬುದನ್ನು ಅಗೆದ ಜಾಗವೂ ಹೊತ್ತೂ ತಿಳಿಸುತ್ತವೆ. ಬೇಸಿಗೆಯ ನಡುಹಗಲಿನಲ್ಲಿ, ನೆರಳಿನಲ್ಲಿ, ಮೈ ಹಿಡಿಸುವಷ್ಟು ಅಗಲದ ಗುಂಡಿ ತೋಡಿ ಅದರಲ್ಲಿ ಮಲಗಿದರೆ ಅದು ಸೆಖೆಯ ಕಾರಣ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುವುದನ್ನು ಬಿಟ್ಟರೆ ನಾಲಗೆ ಚಾಚಿ ತೇಕುವುದೇ ಅದರ ಮುಖ್ಯವಾದ ಉಪಾಯ. ಮೇಲುಮಣ್ಣಿನ ಕೆಳಗಣ ತಂಪು ಅದಕ್ಕೆ ಹಿತವಾಗುತ್ತದೆ. ಗೋಡೆಯ ಬುಡದಲ್ಲಿ, ಮೂಸಿ ಮೂಸಿ, ಒಂದೇ ಸಾಲಿನಲ್ಲಿ ಅಗೆದರೆ ಅಲ್ಲಿ ಹೆಗ್ಗಣದ ಬಿಲವಿರಬಹುದು. ಬೇಲಿಯ ಕೆಳಗೆ ಹೊರಮುಖವಾಗಿ ಅಗೆದರೆ ತಪ್ಪಿಸಿಕೊಂಡು ಹೋಗುವ ಬಯಕೆ. ತಿಂದು ಉಳಿದ ರೊಟ್ಟಿಯ ತುಂಡನ್ನು ಹೂತಿಟ್ಟರೆ ಅದು ಸಂಚಯಬುದ್ಧಿ. ಇಂದು ಸಿಕ್ಕಿದ್ದು ನಾಳೆಗೆ ಸಿಗುವುದೋ ಇಲ್ಲವೋ ಎಂದು ಅದರ ಕಾಡಿನ ಪೂರ್ವಿಕರು ಕಲಿತ ಪಾಠ. ಗಬ್ಬದ ನಾಯಿಯು, ಸುಮಾರು ೬೩ ದಿನಗಳ ಗರ್ಭಾವಧಿಯು ತುಂಬುತ್ತ ಬಂದಂತೆ, ಮರಿಗಳಿಗಾಗಿ ಮೂಲೆ ಹುಡುಕಿ ಗುಂಡಿ ತೋಡುವುದು ಸಹಜ, ಅದನ್ನು ತಡೆಯಕೂಡದು. ಈ ಯಾವ ಲಕ್ಷಣವೂ ಇಲ್ಲದೆ ಕಂಡಕಂಡಲ್ಲಿ ಅಗೆದರೆ, ಆ ನಾಯಿಗೆ ಮಾಡಲು ಬೇರೆ ಕೆಲಸವಿಲ್ಲವೆಂದು, ಜೊತೆಗೆ ಯಾರೂ ಇಲ್ಲವೆಂದು ತಿಳಿಯತಕ್ಕದ್ದು. ಸರಸುವಿನದು ಇದೇ ಕೊನೆಯ ವರ್ಗ.

ಪರಿಹಾರವೂ ಕಾರಣಕ್ಕೆ ತಕ್ಕಂತಿರಬೇಕು. ಸೆಖೆಯಾದರೆ ನೆರಳಿನಲ್ಲಿ ನೆನೆಸಿದ ಗೋಣಿಯನ್ನು ಹಾಸಿ, ಅಗಲಬಾಯಿಯ ಪಾತ್ರೆಯಲ್ಲಿ ತಣ್ಣೀರಿಟ್ಟರೆ ಅರ್ಧ ಗುಂಡಿಗಳು ಕಡಮೆಯಾಗುವುವು. ಹೆಗ್ಗಣವಾದರೆ ಹೆಗ್ಗಣವನ್ನು ಓಡಿಸಬೇಕೇ ಹೊರತು ನಾಯಿಯನ್ನು ಹೊಡೆದು ಫಲವಿಲ್ಲ. ಬೇಲಿಯಾದರೆ ಅದರ ಬುಡದುದ್ದಕ್ಕೂ ಕಲ್ಲುಚಪ್ಪಡಿಗಳನ್ನು ಹುಗಿಯಬೇಕು. ಬೇಸರವಾದರೆ ನಡೆದಾಟವೇ ಮದ್ದು. ಈಗ ನಾವು ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸರಸುವಿನೊಡನೆ ತಪ್ಪದೆ ನಡೆಯುತ್ತೇವೆ. ಅದು ಪ್ರತಿಯೊಂದು ಕಂಬವನ್ನೂ ಮೂಸಲಿ ಎಂದು ನಿಂತು ಕಾಯುತ್ತೇವೆ. ನಮಗೆ ಪತ್ರಿಕೆ ಹೇಗೋ ಅದಕ್ಕೆ ಆ ವಾಸನೆಗಳು ಹಾಗೆ.

ಇಷ್ಟಾದರೂ ಅಗೆಯುವ ಚಪಲವು ಪೂರ್ತಿಯಾಗಿ ಹೋಗುವುದಿಲ್ಲ. ಅದಕ್ಕೆ ಒಂದು ಜಾಗವನ್ನು ಬಿಟ್ಟುಕೊಡುವುದೇ ಜಾಣತನ. ನಮ್ಮ ಮಗಳು ಹಿತ್ತಲ ಮೂಲೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆಸಿ, ಮಣ್ಣಿಗೆ ಮರಳು ಬೆರೆಸಿ ತುಂಬಿಸಿದಳು. ಸುತ್ತ ಇಟ್ಟಿಗೆಯ ಅಂಚು. ಮೊದಲ ವಾರ ಅದರಲ್ಲಿ ಸರಸುವಿನ ಕಣ್ಣೆದುರಿಗೇ ಅದರ ರಬ್ಬರಿನ ಚೆಂಡನ್ನೂ ಒಣರೊಟ್ಟಿಯ ಚೂರನ್ನೂ ಹೂತಿಟ್ಟು, ಅದು ತೋಡಿ ತೆಗೆದಾಗಲೆಲ್ಲ ಬೆನ್ನು ಸವರಿದೆವು. ಬೇರೆಡೆಯಲ್ಲಿ ಕೆದಕಲು ತೊಡಗಿದರೆ ಆ ಕ್ಷಣದಲ್ಲೇ “ಬೇಡ” ಎಂದು ಹೇಳಿ ಈ ಗುಂಡಿಗೆ ಕರೆತಂದೆವು. ಉಳಿದ ಮಲ್ಲಿಗೆಗಳ ಬುಡದಲ್ಲಿ ಒಂದು ಅಂಗುಲ ಮಣ್ಣಿನಡಿ ತಂತಿಯ ಬಲೆಯನ್ನು ಹಾಸಿ, ಮೇಲೆ ದುಂಡುಕಲ್ಲುಗಳನ್ನು ಇಟ್ಟೆವು.

ಮಾಡಬಾರದ ಸಂಗತಿಗಳೂ ಕೆಲವುಂಟು. ಗುಂಡಿ ತೋಡಿ ಎಷ್ಟೋ ಹೊತ್ತಾದ ಮೇಲೆ ನಾಯಿಯನ್ನು ಎಳೆದುತಂದು ಹೊಡೆಯುವುದು ವ್ಯರ್ಥ. ಕಳೆದ ಕೃತ್ಯಕ್ಕೂ ಈಗಿನ ಏಟಿಗೂ ಸಂಬಂಧವನ್ನು ಅದು ಕಲ್ಪಿಸಲಾರದು; ನಮ್ಮನ್ನು ಕಂಡರೆ ಹೆದರಬೇಕೆಂಬುದನ್ನು ಮಾತ್ರ ಕಲಿಯುತ್ತದೆ. ಮೆಣಸಿನ ಪುಡಿಯನ್ನು ಚೆಲ್ಲುವ ಪದ್ಧತಿಯು ಕೆಲವೆಡೆ ಇದೆ. ಕಣ್ಣಿಗೂ ಮೂಗಿಗೂ ಉರಿಯುಂಟುಮಾಡುವ ಆ ಕ್ರೂರೋಪಾಯವನ್ನು ಯಾರೂ ಮಾಡಬಾರದು.

ಗೃಹಿಣಿಯರು ವಿಶೇಷವಾಗಿ ಗಮನಿಸಬೇಕಾದ ಅಪಾಯಗಳನ್ನೂ ಹೇಳಿಬಿಡುತ್ತೇವೆ. ಹೂಗಿಡಗಳಿಗೆ ಗೊಬ್ಬರವಾಗಿ ಹಾಕುವ ಹರಳು ಹಿಂಡಿಯ ವಾಸನೆಗೆ ನಾಯಿಗಳು ಮನಸೋತು ಪಾತಿಯನ್ನು ಅಗೆದು ತಿನ್ನುವುದುಂಟು. ಹರಳುಬೀಜದಲ್ಲಿ ‘ರಿಸಿನ್’ ಎಂಬ ಘೋರವಿಷವಿದೆ; ಸರಿಯಾಗಿ ಸಂಸ್ಕರಿಸದ ಹಿಂಡಿಯಲ್ಲಿ ಅದು ಉಳಿದಿರುತ್ತದೆ. ನಾಯಿಯಿರುವ ಮನೆಯಲ್ಲಿ ಆ ಹಿಂಡಿಯನ್ನು ಬಳಸದಿರುವುದೇ ಲೇಸು. ತಿಂದಿತೆಂದು ಸಂಶಯ ಬಂದರೂ ಸಾಕು, ವಾಂತಿಭೇದಿಗಾಗಿ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಇಲಿಪಾಷಾಣವನ್ನು ಹಿತ್ತಲಲ್ಲಿ ಇಡಲೇಬಾರದು. ಇಲಿ ಹೆಗ್ಗಣಗಳ ಮೂತ್ರದಿಂದ ಕಲುಷಿತವಾದ ಒದ್ದೆಮಣ್ಣಿನಿಂದ ಇಲಿಜ್ವರವು ನಾಯಿಗೂ ಮನುಷ್ಯನಿಗೂ ತಗಲಬಹುದು. ನಾಯಿಗಾದರೆ ಇದಕ್ಕೆ ಲಸಿಕೆಯುಂಟು. ಕೊಕ್ಕೆಹುಳುವಿನ ಮರಿಗಳೂ ಮಣ್ಣಿನಲ್ಲಿರುತ್ತವೆ. ಬರಿಗಾಲಲ್ಲಿ ಆಡುವ ಮಕ್ಕಳ ಚರ್ಮವನ್ನು ಅವು ಹೊಗಬಲ್ಲವು. ಆದಕಾರಣ ನಾಯಿಗೆ ವೈದ್ಯರು ಹೇಳಿದ ಕಾಲಕ್ಕೆ ಜಂತಿನ ಔಷಧವನ್ನು ಕೊಡಿಸುವುದು, ಅದರ ಮಲವನ್ನು ಕೂಡಲೇ ತೆಗೆದುಹಾಕುವುದು, ಗುಂಡಿ ಮುಚ್ಚಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯುವುದು ಅವಶ್ಯಕ. ಹುಚ್ಚುನಾಯಿರೋಗದ ಲಸಿಕೆಯ ವಿಷಯವನ್ನಂತೂ ಬೇರೆ ಹೇಳಬೇಕಾಗಿಲ್ಲ.

ನಾಡುನಾಯಿಯೊಂದಕ್ಕಾಗಿ ಇಷ್ಟು ಪರಿಶ್ರಮವೇಕೆಂದು ಕೇಳುವವರು ಇರಬಹುದು. ನಮ್ಮ ಕನ್ನಡನಾಡಿನಲ್ಲಿ ನಾಯಿಗೂ ವೀರಗಲ್ಲನ್ನು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಕ್ರಿ.ಶ. ೯೪೯-೫೦ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಲು, ಅವನು ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿಯು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿಯನ್ನೂ ದತ್ತಿಬಿಟ್ಟರು. ನಾಯಿಯ ಋಣವನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡಿನವರು ನಾವು. ಅದಕ್ಕೆ ಮೂರಡಿ ಮಣ್ಣನ್ನು ಬಿಟ್ಟುಕೊಡಲಾರೆವೆ?

ಸರಸುವಿನ ಕಾಲಿನ ಹುಣ್ಣು ತಿಂಗಳೊಳಗೆ ಮಾಯಿತು. ಅದು ಈಗಲೂ ವಾರಕ್ಕೊಮ್ಮೆ ತನ್ನ ಗುಂಡಿಯನ್ನು ಬಿಟ್ಟು ಬೇರೆಡೆ ಕೆದಕುವುದುಂಟು. ನಾವು ಕೋಪಗೊಳ್ಳದೆ ಮುಚ್ಚುತ್ತೇವೆ. ಕಿತ್ತುಹೋದ ಮಲ್ಲಿಗೆಯಿಂದ ನಮ್ಮ ಮಗಳು ನಾಲ್ಕು ಕಡ್ಡಿಗಳನ್ನು ಕತ್ತರಿಸಿ ಕುಂಡದಲ್ಲಿ ನೆಟ್ಟುಹೋಗಿದ್ದಳು. ಎರಡು ಒಣಗಿದವು, ಎರಡು ಚಿಗುರಿವೆ. ಸಂಜೆ ನಾವಿಬ್ಬರೂ ತಿರುಗಾಟದಿಂದ ಮರಳಿದ ಮೇಲೆ ಅವಕ್ಕೆ ನೀರೆರೆಯುತ್ತೇವೆ. ನಾಯಿ ಸಾಕಿರುವ ನಮ್ಮ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೇ: ಅಂಗಳದಲ್ಲಿ ಹೊಸ ಗುಂಡಿಯನ್ನು ಕಂಡಾಗ ಕೋಲನ್ನು ಹುಡುಕುವುದಕ್ಕೆ ಮುಂಚೆ, ಆ ದಿನ ನಾಯಿಯನ್ನು ಯಾರಾದರೂ ಮಾತನಾಡಿಸಿದ್ದರೇ ಎಂದು ಮನೆಯವರನ್ನು ಒಮ್ಮೆ ಕೇಳಿರಿ.