ಮನೆಯಲ್ಲೊಂದು ಶಾಲೆ, ಶಾಲೆಯಲ್ಲೊಂದು ಮನೆ

ಫಾಲ್ಗುಣ ಮುಗಿದು ಚೈತ್ರ ಕಾಲಿಡುವ ಹೊತ್ತಿಗೆ ನಮ್ಮ ನಾಡಿನ ಮನೆಗಳಿಗೆ ಎರಡು ಋತುಗಳು ಒಟ್ಟಿಗೆ ಬರುತ್ತವೆ. ಒಂದು ವಸಂತ ಋತು. ಇನ್ನೊಂದು ಪರೀಕ್ಷೆಯ ಋತು. ಹಾಲುವಾಣದ ಮರ ಎಲೆಯುದುರಿಸಿ ಕೆಂಪು ಹೂವು ಹೊತ್ತಿರುವುದಾಗಲಿ, ಕುಟುರ ಹಕ್ಕಿ ದಿನವಿಡೀ ಕೂಗುವುದಾಗಲಿ ಮಕ್ಕಳ ಗಮನಕ್ಕೆ ಬರುವುದಿಲ್ಲ. ಅವರ ತಲೆ ಪುಸ್ತಕದ ಮೇಲೆ ಬಾಗಿರುತ್ತದೆ. ಅದೇ ದಿನಗಳಲ್ಲಿ, ಬರುವ ಜೂನ್ ತಿಂಗಳಿಗೆ ಮಗುವನ್ನು ಎಲ್ಲಿ ಸೇರಿಸುವುದೆಂಬ ಚಿಂತೆ ಹೆತ್ತವರನ್ನು ಕಾಡುತ್ತಿರುತ್ತದೆ. ಈ ಎರಡನೆಯ ಋತುವಿಗೆ ಸದ್ಯಕ್ಕೆ ಬಾಗಿಲು ಮುಚ್ಚಿರುವ ಒಂದು ಕುಟುಂಬದ ದಿನಚರಿಯನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲಿ ನಾಲ್ಕು ಎಕರೆ ತೋಟವಿರುವ ಸಣ್ಣ ಬೆಳೆಗಾರರ ಮನೆ ಅದು. ತಾಯಿ ಮದುವೆಗೆ ಮುಂಚೆ ಶಿಕ್ಷಕಿಯಾಗಿದ್ದವರು. ಮೂವರು ಮಕ್ಕಳು: ಆರು ತುಂಬಲಿರುವ ಹುಡುಗಿ, ನಾಲ್ಕರ ಹುಡುಗ, ಇನ್ನೂ ಎರಡು ತುಂಬದ ಕೂಸು. ಹಿರಿಯ ಮಗಳು ಒಂದು ವರ್ಷ ದೂರದ ಶಿಶುವಿಹಾರಕ್ಕೆ ಹೋದಳು. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿದ ಮಗು ಸಂಜೆ ನಿದ್ದೆಗಣ್ಣಿನಲ್ಲಿ ಇಳಿಯುತ್ತಿತ್ತು. ಮಾತಿನ ಮಲ್ಲಿಯಾಗಿದ್ದವಳು ಕ್ರಮೇಣ ಮೌನಿಯಾದಳು. ಹೆತ್ತವರು ಯೋಚಿಸಿ ಅವಳನ್ನು ಬಿಡಿಸಿ, ತಾವೇ ಮನೆಯಲ್ಲಿ ಕಲಿಸತೊಡಗಿದರು. ಹೋಮ್‌ಸ್ಕೂಲಿಂಗ್ ಎಂದು ನಗರಗಳಲ್ಲಿ ಕರೆಯುವ ಗೃಹಶಿಕ್ಷಣ ಆ ಮನೆಗೆ ಬಂದುದು ಹೀಗೆ. ಯಾವ ಸಿದ್ಧಾಂತದ ಬಲದಿಂದಲೂ ಅಲ್ಲ.

ಅಲ್ಲಿ ಗಂಟೆ ಬಾರಿಸುವವರಿಲ್ಲ, ಹಾಗೆಂದು ಕ್ರಮವಿಲ್ಲವೆಂದಲ್ಲ. ಬೆಳಗಿನ ಅಕ್ಕಿ ರೊಟ್ಟಿಯ ಕೆಲಸ ಮುಗಿದ ಮೇಲೆ ಅಡುಗೆಮನೆಯ ಮೇಜೇ ಪಾಠದ ಮೇಜಾಗುತ್ತದೆ. ಹದಿನೈದು ನಿಮಿಷ ಅಕ್ಷರ, ಹದಿನೈದು ನಿಮಿಷ ಲೆಕ್ಕ, ಒಂದು ಕಥೆ, ಆ ಕಥೆಯನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಇಷ್ಟರೊಳಗೆ ಕೂಸು ಎರಡು ಬಾರಿ ಸ್ಲೇಟು ಕಸಿದಿರುತ್ತದೆ, ಒಲೆಯ ಮೇಲೆ ಹಾಲು ಉಕ್ಕಿರುತ್ತದೆ. ಉಳಿದ ಪಾಠವೆಲ್ಲ ತೋಟದಲ್ಲಿ, ಅಂಗಳದಲ್ಲಿ.

ಕಾಫಿ ಬೆಳೆಗಾರರಿಗೆ ವಸಂತವೆಂದರೆ ಹೂಮಳೆಯ ನಿರೀಕ್ಷೆ. ಮಾರ್ಚ್ ತಿಂಗಳ ಒಂದು ಸಂಜೆ ಗುಡುಗಿ ಮಳೆ ಬಂತು. ಮರುದಿನ ಮುಂಜಾನೆ ತಂದೆ ಮಳೆಮಾಪಕವನ್ನು ಮಗಳ ಕೈಗೆ ಕೊಟ್ಟರು. ಒಂದು ಇಂಚು ಹತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚೆಂಬ ಲೆಕ್ಕ ಆ ದಿನ ಅವಳದಾಯಿತು. ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ. ಒಂಬತ್ತನೆಯ ಗೆರೆ ಎಳೆದ ಬೆಳಿಗ್ಗೆ ತೋಟವೆಲ್ಲ ಮಲ್ಲಿಗೆಯ ಪರಿಮಳದಂಥ ಪರಿಮಳದಿಂದ ತುಂಬಿ ಬಿಳುಪಾಗಿತ್ತು, ಜೇನು ಮೊರೆಯುತ್ತಿತ್ತು. ರೊಬಸ್ಟಾ ಗಿಡ ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟಲಾರದು, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕೆಂದು ತಂದೆ ವಿವರಿಸಿದರು.

ಮೆಣಸಿನ ಪಾಠವೂ ಹಾಗೆಯೇ. ಬಳ್ಳಿಯಿಂದ ಇಳಿಸಿ ಬಿಡಿಸಿದ ಹಸಿ ಮೆಣಸು ಮೂವತ್ತು ಕಿಲೋ. ಒಣಗಿಸಿ ತೂಗಿದಾಗ ಹತ್ತು ಕಿಲೋ. ಉಳಿದ ಇಪ್ಪತ್ತು ಕಿಲೋ ಎಲ್ಲಿ ಹೋಯಿತೆಂದು ಅಕ್ಕ ಕೇಳಿದಳು. "ಬಿಸಿಲು ತಿಂದಿತು" ಎಂದ ತಮ್ಮ. ತಾಯಿ ನಗಲಿಲ್ಲ, ಉತ್ತರವನ್ನು ತಿದ್ದಲೂ ಇಲ್ಲ. ತಟ್ಟೆಯಲ್ಲಿ ನೀರು ತುಂಬಿಸಿ ಬಿಸಿಲಿನಲ್ಲಿಡಲು ಹೇಳಿದರು. ಸಂಜೆಯ ವೇಳೆಗೆ ತಟ್ಟೆಯೇ ಉತ್ತರ ಹೇಳಿತ್ತು.

ತತ್ವಜ್ಞಾನದ ಆರಂಭವೇ ವಿಸ್ಮಯವೆಂದು ಅರಿಸ್ಟಾಟಲ್ ಬರೆದುದನ್ನು ನಾವು ಗುರುಮಠದ ದಿನಗಳಲ್ಲಿ ಕಂಠಪಾಠ ಮಾಡಿದ್ದೆವು. ಗುರು ಶಿಷ್ಯನೊಳಗೆ ಜ್ಞಾನವನ್ನು ಸುರಿಯುವುದಿಲ್ಲ. ವೈದ್ಯನು ದೇಹದ ಸ್ವಂತ ಶಕ್ತಿಗೆ ನೆರವಾಗುವಂತೆ ಗುರುವು ಶಿಷ್ಯನ ಬುದ್ಧಿಗೆ ನೆರವಾಗುತ್ತಾನೆ ಎಂಬುದು ಸಂತ ಥಾಮಸ್ ಅಕ್ವೀನಾಸರ ವಿಚಾರ. ಆ ವಿಚಾರಕ್ಕೆ ನೀರಿನ ಆ ತಟ್ಟೆಗಿಂತ ಸರಳವಾದ ನಿದರ್ಶನ ಬೇಕಿಲ್ಲ.

ಆದರೆ ಚಿತ್ರದ ಒಂದೇ ಪಕ್ಕವನ್ನು ತೋರಿಸುವುದು ನ್ಯಾಯವಲ್ಲ. ತಾಯಿಗೆ ದಿನದಲ್ಲಿ ಒಂದು ಗಳಿಗೆಯೂ ತನ್ನದೆಂಬುದಿಲ್ಲ. ಅವರು ತೊರೆದ ಸಂಬಳದ ಕೊರತೆ ಮನೆಯನ್ನು ಬಾಧಿಸುತ್ತಿದೆ. ಅಜ್ಜಿಗೆ ಊರಿನವರ ಮಾತಿನ ಅಳುಕು. ಕಾನೂನಿನ ಪ್ರಶ್ನೆಯೂ ಇದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಹೇಳುತ್ತದೆ. ತಪ್ಪಿದ ಹೆತ್ತವರಿಗೆ ಅದು ಶಿಕ್ಷೆ ವಿಧಿಸಿಲ್ಲ. ಗೃಹಶಿಕ್ಷಣದ ಹೆಸರನ್ನೂ ಎತ್ತಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅಮೆರಿಕದ 50 ರಾಜ್ಯಗಳಲ್ಲೂ 1993ರ ವೇಳೆಗೆ ಗೃಹಶಿಕ್ಷಣಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ಜರ್ಮನಿಯಲ್ಲಾದರೋ ಮಗು ಶಾಲೆಗೆ ಹೋಗಲೇಬೇಕು. ಸುಸಂಸ್ಕೃತ ದೇಶಗಳೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ಆ ಹುಡುಗಿಯೇ ಕೇಳಿದಳು. ಪಕ್ಕದ ದೊಡ್ಡ ತೋಟದ ಕೂಲಿ ಲೈನಿನ ಮಕ್ಕಳು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಗುಂಪಾಗಿ ಸರ್ಕಾರಿ ಶಾಲೆಗೆ ನಡೆಯುತ್ತಾರೆ. ಬೇಲಿಯ ಬಳಿ ನಿಂತು ಅವರನ್ನು ನೋಡುತ್ತಿದ್ದವಳು ಒಂದು ದಿನ, "ಅಮ್ಮಾ, ನಾನು ಯಾಕೆ ಅವರ ಜೊತೆ ಹೋಗಬಾರದು?" ಎಂದಳು. ತಾಯಿ ಇದನ್ನು ನಮಗೆ ಹೇಳಿ, "ಫಾದರ್, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ" ಎಂದರು.

ಆ ಲೈನಿನ ತಾಯಂದಿರು ಬೆಳಗಾದರೆ ತೋಟದ ಕೆಲಸಕ್ಕೆ ನಡೆಯಬೇಕು. ಮಗುವಿನ ಪಕ್ಕದಲ್ಲಿ ಕುಳಿತು ಕಥೆ ಹೇಳುವ ಹಗಲು ಅವರಿಗಿಲ್ಲ. ಅವರ ಮಕ್ಕಳಿಗೆ ಪುಸ್ತಕ ದೊರೆಯುವುದೂ ಮಧ್ಯಾಹ್ನದ ಬಿಸಿಯೂಟ ದೊರೆಯುವುದೂ ಶಾಲೆಯಲ್ಲೇ. ಹಾಗಾದರೆ ಗೃಹಶಿಕ್ಷಣವು ಎಲ್ಲರಿಗೂ ಬೋಧಿಸಬಹುದಾದ ಸದ್ಗುಣವಲ್ಲ. ಕೆಲವರಿಗೆ ದೊರೆತ ಅವಕಾಶ. ಅವಕಾಶವಿದ್ದಲ್ಲಿ ಋಣವೂ ಇರುತ್ತದೆ.

ಇಲ್ಲಿ ಡಾಕ್ಟರ್ ಮರಿಯಾ ಮಾಂಟೆಸ್ಸರಿಯವರನ್ನು ಸ್ಮರಿಸುವುದು ಉಚಿತ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರು ತಮ್ಮ ಮೊದಲ ಶಾಲೆಯನ್ನು ತೆರೆದರು. ಹೆತ್ತವರು ಕೆಲಸಕ್ಕೆ ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಿದ್ದ ಮಕ್ಕಳಿಗಾಗಿ ತೆರೆದ ಆ ಶಾಲೆಗೆ 'ಮಕ್ಕಳ ಮನೆ' ಎಂಬ ಹೆಸರಿತ್ತು. 1939ರಲ್ಲಿ ಮದರಾಸಿಗೆ ಬಂದ ಆಕೆ ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದರು. ಕೊಡೈಕೆನಾಲಿನ ಬೆಟ್ಟದಲ್ಲಿ ಮಕ್ಕಳೊಡನೆ ಗಿಡಮರಗಳ ನಡುವೆ ಕಲಿಕೆಯ ಪ್ರಯೋಗಗಳನ್ನು ಮುಂದುವರಿಸಿದರು. ಮನೆಯ ಆಸರೆಯಿಲ್ಲದ ಮಕ್ಕಳಿಗಾಗಿ ಅವರು ಶಾಲೆಯೊಳಗೆ ಮನೆಯನ್ನು ಕಟ್ಟಿದರು. ನಾವು ವರ್ಣಿಸಿದ ಕುಟುಂಬ ಮನೆಯೊಳಗೆ ಶಾಲೆಯನ್ನು ಕಟ್ಟಿದೆ. ಎರಡೂ ಹುಡುಕುತ್ತಿರುವುದು ಒಂದನ್ನೇ: ಮಗುವಿನ ಮಾತಿಗೆ ಬಿಡುವು ಮಾಡಿಕೊಂಡು ಕಿವಿಗೊಡುವ ಒಬ್ಬ ಹಿರಿಯ ಜೀವ.

ಮಗು ಯಾರದು ಎಂಬ ವಿವಾದ ಹಳೆಯದು. ಆದರ್ಶ ರಾಜ್ಯದ ರಕ್ಷಕವರ್ಗದಲ್ಲಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ರಾಜ್ಯವೇ ಬೆಳೆಸಬೇಕೆಂದು ಪ್ಲೇಟೋ ಬಯಸಿದನು. ಎಲ್ಲರ ಮಗುವಾದದ್ದು ಯಾರ ಅಕ್ಕರೆಗೂ ಪಾತ್ರವಾಗದೆಂದು ಅರಿಸ್ಟಾಟಲ್ ಆಕ್ಷೇಪಿಸಿದನು. ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ ಹೆತ್ತವರೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರೆಂದು ಸಾರಿತು; ಅದೇ ಉಸಿರಿನಲ್ಲಿ ಇಡೀ ಸಮಾಜದ ನೆರವು ಅವರಿಗೆ ಬೇಕೆಂದೂ ಹೇಳಿತು. ಮೊದಲ ಶಿಕ್ಷಕರೆಂದರೆ ಏಕೈಕ ಶಿಕ್ಷಕರೆಂದು ಅರ್ಥವಲ್ಲ. ರೊಬಸ್ಟಾ ಗಿಡದಂತೆ ಮಗುವಿಗೂ ಬೇರೆ ಗಿಡಗಳ ಪರಾಗ ಬೇಕು.

ಇದನ್ನು ಆ ಹೆತ್ತವರು ಅರಿತಿದ್ದಾರೆ. ಶನಿವಾರ ಮಧ್ಯಾಹ್ನ ಅವರ ಜಗುಲಿಯಲ್ಲಿ ಲೈನಿನ ಮಕ್ಕಳೂ ಕುಳಿತು ಕಥೆ ಕೇಳುತ್ತಾರೆ. ಆ ಮಕ್ಕಳಿಂದ ಈ ಮಕ್ಕಳು ಚೌಕಾಬಾರದ ಆಟ ಕಲಿತಿದ್ದಾರೆ, ನಾಲ್ಕು ತಮಿಳು ಮಾತುಗಳನ್ನೂ ಕಲಿತಿದ್ದಾರೆ. ಸರ್ಕಾರಿ ಶಾಲೆಯ ಪ್ರವೇಶದ ಅರ್ಜಿಯನ್ನು ತಂದೆ ತಂದಿಟ್ಟಿದ್ದಾರೆ. ಜೂನ್ ತಿಂಗಳೊಳಗೆ ಮಗಳ ಮಾತನ್ನೂ ಕೇಳಿ ನಿರ್ಧರಿಸುವರಂತೆ. ಅವರು ಯಾವ ದಾರಿ ಹಿಡಿದರೂ ಈ ವಸಂತ ಆ ಮಕ್ಕಳ ಪಾಲಿಗೆ ವ್ಯರ್ಥವಾಗದು.

ನಮ್ಮ ಓದುಗರಲ್ಲಿ ಬಹುಪಾಲು ಜನ ಮಕ್ಕಳನ್ನು ಶಾಲೆಗೆ ಕಳುಹಿಸುವವರು, ಕಳುಹಿಸುವುದು ಸರಿಯೇ. ಆದರೆ ಶುಲ್ಕ ಕಟ್ಟಿದ ರಸೀದಿಯೊಂದಿಗೆ ಕರ್ತವ್ಯ ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಬರುತ್ತದೆ. ಆ ದಿನಗಳನ್ನೂ ಶಿಬಿರಗಳಿಗೆ, ಮುಂದಿನ ತರಗತಿಯ ಪಾಠಕ್ಕೆ ಒತ್ತೆಯಿಡದೆ ದಿನಕ್ಕೊಂದು ಗಂಟೆಯನ್ನಾದರೂ ಮಗುವಿಗಾಗಿ ಉಳಿಸೋಣ. ಹಪ್ಪಳ ಒಣಗಿಸುವಾಗ, ಮಾವಿನಕಾಯಿ ಹೆಚ್ಚುವಾಗ ಮಗು ಪಕ್ಕದಲ್ಲಿರಲಿ. ಅದು ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಅವಸರಪಡದೆ, ಮೊದಲು ಆ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳೋಣ.