ಸ್ತ್ರೀಯರ ಹಕ್ಕುಗಳೂ ದೇಶದೇಶಗಳ ಕೂಟಗಳೂ

ಸ್ತ್ರೀಪುರುಷರು ಸಮಾನರೆಂಬ ಮಾತನ್ನು ಈಗ ವೇದಿಕೆಯ ಮೇಲೆ ಆಡದವರಿಲ್ಲ. ಪಾಠಪುಸ್ತಕಗಳಲ್ಲಿಯೂ ಆ ಮಾತಿಗೆ ಸ್ಥಾನ ದೊರೆತಿದೆ. ಆದರೆ ಅದು ಶಾಸನದ ಕಾಗದದ ಮೇಲೆ ಹೇಗೆ ಬಂದಿತು, ಅದನ್ನು ಬರೆಯಿಸಿದವರು ಯಾರು, ಬರೆದ ಮೇಲೆ ಕಾಯುವವರು ಯಾರು ಎಂದು ವಿಚಾರಿಸುವವರು ವಿರಳ. ಇದೆಲ್ಲವೂ ಪಾಶ್ಚಾತ್ಯರು ನಮ್ಮ ಮೇಲೆ ಹೊರಿಸಿದ ವಿಚಾರವೆಂದು ಭಾವಿಸುವ ಸಜ್ಜನರೂ ನಮ್ಮ ನಡುವೆ ಇದ್ದಾರೆ. ನಮ್ಮ ವಿದ್ಯಾಲಯದಲ್ಲಿ ಕಲಿಯುತ್ತಿರುವ ಹೆಣ್ಣುಮಕ್ಕಳಿಗೂ ಅವರ ತಂದೆತಾಯಂದಿರಿಗೂ ಈ ಚರಿತ್ರೆಯ ಸ್ಥೂಲ ಪರಿಚಯವನ್ನು ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೊದಲ ಕೂಟಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಲೋಕದ ಯಾವ ಸ್ವತಂತ್ರ ದೇಶದಲ್ಲಿಯೂ ಸ್ತ್ರೀಯರಿಗೆ ಪುರುಷರಂತೆ ಶಾಸನಸಭೆಗೆ ಮತ ಕೊಡುವ ಅಧಿಕಾರವಿರಲಿಲ್ಲ. ಕೇಳಿದಾಗಲೆಲ್ಲ, "ಇಂತಹದು ಎಲ್ಲಿಯಾದರೂ ಉಂಟೆ? ಮನೆಮಠಗಳ ಗತಿಯೇನು?" ಎಂಬ ಉತ್ತರವೇ ಸಿಕ್ಕುತ್ತಿತ್ತು. ಈ ಉತ್ತರಕ್ಕೆ ಪ್ರತ್ಯುತ್ತರ ಕೊಡಬೇಕಾದರೆ ಅನ್ಯದೇಶಗಳ ಉದಾಹರಣೆ ಬೇಕಾಯಿತು. 1893ರಲ್ಲಿ ನ್ಯೂಜೀಲೆಂಡಿನ ಸ್ತ್ರೀಯರಿಗೆ ಮತಾಧಿಕಾರ ದೊರೆತಾಗ ಆಕಾಶವೇನೂ ಕಳಚಿ ಬೀಳಲಿಲ್ಲವೆಂಬುದನ್ನು ಇತರ ದೇಶಗಳ ಸ್ತ್ರೀಯರು ತಮ್ಮ ಸರಕಾರಗಳಿಗೆ ತೋರಿಸಿಕೊಡಬಹುದಾಯಿತು. ಒಂದು ದೇಶದ ಅನುಭವವನ್ನು ಇನ್ನೊಂದು ದೇಶಕ್ಕೆ ಸಾಕ್ಷಿಯಾಗಿ ಒಯ್ಯುವುದು, ಇದೇ ಅಂತಾರಾಷ್ಟ್ರೀಯ ಮಹಿಳಾ ಕೂಟಗಳ ಮೂಲ.

1888ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂತಾರಾಷ್ಟ್ರೀಯ ಮಹಿಳಾ ಪರಿಷತ್ತು ಹುಟ್ಟಿತು. 1904ರಲ್ಲಿ ಬರ್ಲಿನ್ನಿನಲ್ಲಿ ಮತಾಧಿಕಾರಕ್ಕಾಗಿಯೇ ಮತ್ತೊಂದು ಒಕ್ಕೂಟ ಸ್ಥಾಪಿತವಾಯಿತು. 1915ರಲ್ಲಿ, ಯುರೋಪು ಖಂಡವೆಲ್ಲ ಯುದ್ಧದ ಬೆಂಕಿಯಲ್ಲಿ ಬೇಯುತ್ತಿರುವಾಗಲೇ, ಹೇಗ್ ನಗರದಲ್ಲಿ ಸಾವಿರಕ್ಕೂ ಮಿಕ್ಕಿ ಸ್ತ್ರೀಯರು ಸಭೆ ಸೇರಿ, ಶಾಂತಿಯನ್ನೂ ಮತಾಧಿಕಾರವನ್ನೂ ಒಟ್ಟಿಗೆ ಬೇಡಿದರು. ಪರಸ್ಪರ ಕಾದಾಡುತ್ತಿದ್ದ ದೇಶಗಳ ಹೆಂಗಸರು ಒಂದೇ ಸಭೆಯಲ್ಲಿ ಕುಳಿತಿದ್ದರೆಂಬುದು ಗಮನಿಸತಕ್ಕ ಸಂಗತಿ.

ನಮ್ಮ ಕರಾವಳಿಯ ಸಂಬಂಧ

ಈ ಕಥೆ ನಮ್ಮ ಸೀಮೆಗೆ ಬಲು ಬೇಗ ಬಂದು ತಲಪಿತು. ಐರ್ಲೆಂಡಿನಲ್ಲಿ ಮತಾಧಿಕಾರಕ್ಕಾಗಿ ಹೋರಾಡಿ ಸೆರೆಮನೆಯನ್ನು ಕಂಡಿದ್ದ ಮಾರ್ಗರೆಟ್ ಕಸಿನ್ಸ್ ಎಂಬ ಮಹಿಳೆ 1915ರಲ್ಲಿ ಭಾರತಕ್ಕೆ ಬಂದರು. 1917ರಲ್ಲಿ ಮದರಾಸಿನ ಅಡಯಾರಿನಲ್ಲಿ ಭಾರತೀಯ ಮಹಿಳಾ ಸಂಘದ ಸ್ಥಾಪನೆಯಲ್ಲಿ ಅವರು ಪಾಲ್ಗೊಂಡರು. ಅದೇ ವರ್ಷದ ಡಿಸೆಂಬರದಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗವು ಮಾಂಟೆಗೂ ಅವರನ್ನು ಕಂಡು, ಭಾರತದ ಸ್ತ್ರೀಯರಿಗೂ ಮತಾಧಿಕಾರ ಸಲ್ಲತಕ್ಕದ್ದೆಂದು ಕೇಳಿತು. 1919-20ರಲ್ಲಿ ಇದೇ ಕಸಿನ್ಸರು ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಪ್ರಥಮ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಕಾಸರಗೋಡು ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತೆಂಬುದನ್ನು ನಮ್ಮ ವಾಚಕರಿಗೆ ನೆನಪಿಸಬೇಕಾಗಿಲ್ಲ.

1921ರಲ್ಲಿ ಮದರಾಸು ಪ್ರಾಂತದ ಸ್ತ್ರೀಯರಿಗೆ ಮತಾಧಿಕಾರ ಬಂದಿತು. ಆಸ್ತಿಯ ಅರ್ಹತೆ ಉಳ್ಳವರಿಗೆ ಮಾತ್ರ ಅದು ಸಂದುದರಿಂದ ಅದರ ಲಾಭವನ್ನು ಪಡೆದವರು ಸ್ವಲ್ಪವೇ ಜನ. 1926ರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು, ಕಸಿನ್ಸರ ಪ್ರೋತ್ಸಾಹದಿಂದ, ಮದರಾಸಿನ ಶಾಸನಸಭೆಯ ಚುನಾವಣೆಗೆ ನಿಂತರು. ಅಲ್ಪ ಮತಗಳ ಅಂತರದಿಂದ ಸೋತರಾದರೂ, ನಮ್ಮ ದೇಶದಲ್ಲಿ ಹಾಗೆ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂಬ ಕೀರ್ತಿ ಅವರದಾಯಿತು. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸೇರಿತು. 1929ರಲ್ಲಿ ಕಮಲಾದೇವಿಯವರು ಬರ್ಲಿನ್ನಿನ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಭಾಗವಹಿಸಿದರು. 1931ರಲ್ಲಿ ಲಾಹೋರಿನಲ್ಲಿ ಏಷ್ಯದ ಸ್ತ್ರೀಯರದೇ ಆದ ಸಮ್ಮೇಳನ ನಡೆಯಿತು. ನಮ್ಮವರು ಬರಿಯ ಕೇಳುಗರಾಗಿ ಕೂಡಲಿಲ್ಲ. ತಾವೂ ಸಭೆ ಕರೆದರು, ತಮ್ಮ ಮಾತನ್ನೂ ಆಡಿದರು.

ಒಂದು ಪದದ ಬೆಲೆ

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ 1945ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ವಿಶ್ವಸಂಸ್ಥೆಯ ಸನ್ನದು ಸಿದ್ಧವಾಯಿತು. ಅದಕ್ಕೆ ಸಹಿ ಹಾಕಿದ 160 ಮಂದಿಯಲ್ಲಿ ಸ್ತ್ರೀಯರು ನಾಲ್ವರೇ. ಆದರೂ ಬ್ರೆಜಿಲಿನ ಬರ್ತಾ ಲೂಟ್ಸ್, ಡೊಮಿನಿಕನ್ ಗಣರಾಜ್ಯದ ಮಿನರ್ವಾ ಬರ್ನಾರ್ಡಿನೊ ಮೊದಲಾದವರ ಛಲದಿಂದ, ಸ್ತ್ರೀಪುರುಷರ ಸಮಾನ ಹಕ್ಕುಗಳ ಮಾತು ಸನ್ನದಿನಲ್ಲಿ ಸೇರಿತು. 1946ರಲ್ಲಿ ಸ್ತ್ರೀಯರ ಸ್ಥಾನಮಾನಗಳ ಆಯೋಗ ಏರ್ಪಟ್ಟಿತು.

ಬಳಿಕ ಮಾನವ ಹಕ್ಕುಗಳ ಘೋಷಣೆಯನ್ನು ಬರೆಯುವ ಕಾರ್ಯ ಆರಂಭವಾಯಿತು. ಅದರ ಕರಡಿನಲ್ಲಿ 'ಎಲ್ಲ ಮನುಷ್ಯರು' ಎಂಬ ಅರ್ಥದಲ್ಲಿ ಬಳಸಿದ ಇಂಗ್ಲಿಷ್ ಪದಕ್ಕೆ 'ಎಲ್ಲ ಗಂಡಸರು' ಎಂಬ ಅರ್ಥವೂ ಇತ್ತು. ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಅವರು ಇದನ್ನು ಆಕ್ಷೇಪಿಸಿ, ಹೆಣ್ಣು ಗಂಡು ಎರಡನ್ನೂ ನಿಸ್ಸಂದೇಹವಾಗಿ ಒಳಗೊಳ್ಳುವ ಪದವನ್ನು ಹಾಕಿಸಿದರು. ಲಕ್ಷ್ಮೀ ಮೆನೊನ್ ಅವರು 1948ರಲ್ಲಿ, ಘೋಷಣೆಯ ಪೀಠಿಕೆಯಲ್ಲಿಯೇ ಸ್ತ್ರೀಪುರುಷರ ಸಮಾನ ಹಕ್ಕುಗಳ ಉಲ್ಲೇಖವಿರಬೇಕೆಂದು ಬಲವಾಗಿ ವಾದಿಸಿದರು. ಪಾಶ್ಚಾತ್ಯರ ವಿಚಾರವೆನ್ನುವವರು ಈ ಎರಡು ಸಂಗತಿಗಳನ್ನು ಲಕ್ಷಿಸಬೇಕು.

ಒಂದು ಪದಕ್ಕಾಗಿ ಇಷ್ಟು ವಾದವೇಕೆ ಎಂದು ಕೆಲವರು ಕೇಳಬಹುದು. ನಾವು ಶಾಲೆಯಲ್ಲಿ 'ಮನುಷ್ಯನು ಸಂಘಜೀವಿ' ಎಂದು ಪ್ರಬಂಧ ಬರೆಯಿಸುತ್ತೇವೆ. 'ಮನುಷ್ಯನು' ಪುಲ್ಲಿಂಗವೆಂದು ವ್ಯಾಕರಣದಲ್ಲಿ ಕಲಿಸುತ್ತೇವೆ. ಅದರಲ್ಲಿ ಹೆಂಗಸರೂ ಸೇರಿದರೆಂದು ಮಕ್ಕಳು ತಾವಾಗಿಯೇ ಊಹಿಸಿಕೊಳ್ಳಬೇಕು. ಪ್ರಬಂಧದಲ್ಲಿ ಊಹೆ ನಡೆದೀತು. ಹಕ್ಕನ್ನು ಊಹೆಗೆ ಬಿಟ್ಟರೆ, ಬೇಡವೆನಿಸಿದಾಗ ಅದನ್ನು ಇಲ್ಲವೆನ್ನುವುದು ಸುಲಭ. ಶಬ್ದದಲ್ಲಿ ಇಲ್ಲದುದನ್ನು ನ್ಯಾಯಾಲಯದಲ್ಲಿ ಹುಡುಕಿ ತೆಗೆಯುವುದು ಕಷ್ಟ.

ಒಡಂಬಡಿಕೆ ಮತ್ತು ಕಾವಲು

ಘೋಷಣೆಯು ಆದರ್ಶವನ್ನು ಸಾರುತ್ತದೆ. ಒಡಂಬಡಿಕೆಯು ಸಹಿ ಹಾಕಿ ಅನುಮೋದಿಸಿದವರನ್ನು ಕಟ್ಟುತ್ತದೆ. 1975ರಲ್ಲಿ ಮೆಕ್ಸಿಕೋ ನಗರದಲ್ಲಿ ಪ್ರಥಮ ವಿಶ್ವ ಮಹಿಳಾ ಸಮ್ಮೇಳನ ಸೇರಿದ ತರುವಾಯ, 1979ರ ಡಿಸೆಂಬರ 18ರಂದು ವಿಶ್ವಸಂಸ್ಥೆಯ ಮಹಾಸಭೆಯು ಸ್ತ್ರೀಯರ ವಿರುದ್ಧ ನಡೆಯುವ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಒಡಂಬಡಿಕೆಯನ್ನು ಸ್ವೀಕರಿಸಿತು. ಇದರಲ್ಲಿ 30 ವಿಧಿಗಳಿವೆ. 10ನೆಯ ವಿಧಿಯು ಅಧ್ಯಾಪಕರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಹೆಣ್ಣುಮಕ್ಕಳಿಗೂ ಅದೇ ಪಠ್ಯಕ್ರಮ, ಅದೇ ಪರೀಕ್ಷೆ ಇರಬೇಕು; ಹೆಣ್ಣಿನ ಕೆಲಸ ಇದು, ಗಂಡಿನ ಕೆಲಸ ಅದು ಎಂಬ ಭಾವನೆಯನ್ನು ಪಾಠಪುಸ್ತಕಗಳಿಂದ ತೆಗೆಯಬೇಕು; ನಡುವೆಯೇ ಶಾಲೆ ಬಿಡುವ ಹುಡುಗಿಯರ ಸಂಖ್ಯೆ ಇಳಿಯಬೇಕು ಎಂದು ಅದು ವಿಧಿಸುತ್ತದೆ. 14ನೆಯ ವಿಧಿ ಗ್ರಾಮಾಂತರದ ಸ್ತ್ರೀಯರಿಗೆ ಮೀಸಲಾದುದು.

ಇಂದು 189 ದೇಶಗಳು ಈ ಒಡಂಬಡಿಕೆಗೆ ಒಳಪಟ್ಟಿವೆ. ಅಮೆರಿಕದ ಸಂಯುಕ್ತ ಸಂಸ್ಥಾನವು 1980ರಲ್ಲಿ ಸಹಿ ಹಾಕಿಯೂ ಅನುಮೋದಿಸಿಲ್ಲ. ನಮ್ಮ ದೇಶವು 1980ರಲ್ಲಿ ಸಹಿ ಹಾಕಿ 1993ರ ಜುಲೈ 9ರಂದು ಅನುಮೋದಿಸಿತು. ಆಗಲೂ, ಯಾವುದೇ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿ ಅದರ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲವೆಂಬ ಹೇಳಿಕೆಯನ್ನು ಜೊತೆಗೆ ಇಟ್ಟಿತು.

ಅನುಮೋದಿಸಿದ ಪ್ರತಿಯೊಂದು ಸರಕಾರವೂ ನಾಲ್ಕು ವರ್ಷಕ್ಕೊಮ್ಮೆ ವರದಿ ಒಪ್ಪಿಸತಕ್ಕದ್ದು. 23 ಮಂದಿ ತಜ್ಞರ ಸಮಿತಿಯು ಅದನ್ನು ಓದಿ ಪ್ರಶ್ನೆ ಕೇಳುತ್ತದೆ. ಆದರೆ ತನ್ನ ಮನೆಯ ಹುಳುಕನ್ನು ತಾನೇ ಬರೆದುಕೊಡುವವರು ಯಾರು? ಇಲ್ಲಿಯೇ ಮಹಿಳಾ ಕೂಟಗಳ ಉಪಯೋಗ. ಅವು ಹಳ್ಳಿ, ಕಾರ್ಖಾನೆ, ನ್ಯಾಯಾಲಯಗಳಿಂದ ಸಂಗತಿಗಳನ್ನು ಸಂಗ್ರಹಿಸಿ ಪ್ರತ್ಯೇಕವಾದ ಇನ್ನೊಂದು ವರದಿಯನ್ನು ಸಿದ್ಧಪಡಿಸುತ್ತವೆ. ಇದಕ್ಕೆ ನೆರಳು ವರದಿ ಎಂದು ಹೆಸರು. ಸರಕಾರವು "ಕಾಯಿದೆ ಮಾಡಿದ್ದೇವೆ" ಎಂದರೆ, ನೆರಳು ವರದಿಯು "ಕಾಯಿದೆ ಆಗಿದೆ, ಜಾರಿಗೆ ಬಂದಿಲ್ಲ" ಎಂದು ತೋರಿಸುತ್ತದೆ. ಭಾರತದ ಮೊದಲ ವರದಿಯ ವಿಚಾರಣೆ ನಡೆದುದು 2000ರ ಜನವರಿಯಲ್ಲಿ. ಒಂದು ದೇಶದ ಸಂಘಕ್ಕೆ ಇಂತಹ ವರದಿ ಬರೆಯುವ ಕ್ರಮವನ್ನು ಇನ್ನೊಂದು ದೇಶದ ಸಂಘ ಕಲಿಸಿಕೊಡುತ್ತದೆ.

ಬೆಂಗಳೂರಿನಿಂದ ವಿಯೆನ್ನಾಕ್ಕೆ

ಈ ಕೂಟಗಳೊಳಗೆ ಭಿನ್ನಾಭಿಪ್ರಾಯವೇ ಇರಲಿಲ್ಲವೆಂದಲ್ಲ. ಸಿರಿವಂತ ದೇಶಗಳ ಸ್ತ್ರೀಯರು ಮುಖ್ಯವಾಗಿ ತಾರತಮ್ಯದ ಮಾತನ್ನಾಡಿದರೆ, ಬಡದೇಶಗಳ ಸ್ತ್ರೀಯರು ನೀರು, ಸೌದೆ, ಅನ್ನ, ಸಾಲ ಇವುಗಳ ಮಾತನ್ನು ಮುಂದಿಟ್ಟರು. 1984ರ ಆಗಸ್ಟಿನಲ್ಲಿ ಬಡದೇಶಗಳ ಕೆಲವು ವಿದುಷಿಯರು ಬೆಂಗಳೂರಿನಲ್ಲಿ ಸೇರಿ, ಅಭಿವೃದ್ಧಿ ಎಂದು ನಾವು ಕರೆಯುತ್ತಿರುವುದು ಬಡ ಹೆಂಗಸಿಗೆ ನಿಜವಾಗಿ ಏನು ಕೊಟ್ಟಿದೆ ಎಂಬ ಪ್ರಶ್ನೆಯನ್ನು ಎತ್ತಿದರು. ಮೈಸೂರಿನಲ್ಲಿ ಜನಿಸಿದ ದೇವಕಿ ಜೈನ್ ಅವರು ಈ ಸಭೆಯನ್ನು ಕೂಡಿಸಿದವರಲ್ಲಿ ಪ್ರಮುಖರು. ಅಲ್ಲಿ ಹುಟ್ಟಿದ ಕೂಟಕ್ಕೆ 'ಡಾನ್' ಎಂದು ಹೆಸರಾಯಿತು. ಅರುಣೋದಯವೆಂದು ಆ ಪದದ ಅರ್ಥ. ಮರುವರ್ಷ ನೈರೋಬಿಯ ವಿಶ್ವ ಸಮ್ಮೇಳನದಲ್ಲಿ ಈ ವಿಚಾರಗಳು ಎಲ್ಲರ ಚರ್ಚೆಗೆ ಬಂದವು.

ಹೆಂಗಸಿನ ಮೇಲಿನ ಹಿಂಸೆಯನ್ನು ಮನೆಯೊಳಗಿನ ವಿಷಯವೆಂದು ಸರಕಾರಗಳು ಬದಿಗೊತ್ತುತ್ತಿದ್ದುದನ್ನು ಬದಲಿಸಿದ್ದು ಇನ್ನೊಂದು ಪ್ರಯತ್ನ. 1960ರ ನವೆಂಬರ 25ರಂದು ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿಯನ್ನು ವಿರೋಧಿಸಿದ ಮಿರಾಬಾಲ್ ಸಹೋದರಿಯರು ಮೂವರು ಕೊಲೆಯಾದರು. ಆ ದಿನವನ್ನು 1981ರಲ್ಲಿ ಲ್ಯಾಟಿನ್ ಅಮೆರಿಕದ ಸ್ತ್ರೀಯರು ಹಿಂಸಾವಿರೋಧಿ ದಿನವಾಗಿ ಆರಿಸಿಕೊಂಡರು. 1991ರಿಂದ ಆ ದಿನ ಮೊದಲ್ಗೊಂಡು ಮಾನವ ಹಕ್ಕುಗಳ ದಿನವಾದ ಡಿಸೆಂಬರ 10ರವರೆಗೆ 16 ದಿನಗಳ ಪ್ರಚಾರಕಾರ್ಯ ನಡೆಯುತ್ತ ಬಂದಿದೆ. 124 ದೇಶಗಳಿಂದ ಸುಮಾರು ಐದು ಲಕ್ಷ ಸಹಿಗಳು ಕೂಡಿದ ಮನವಿಯೊಂದನ್ನು ಹೊತ್ತು ಅವರು 1993ರ ವಿಯೆನ್ನಾ ಸಮ್ಮೇಳನಕ್ಕೆ ಹೋದರು. ಅಲ್ಲಿ ನೊಂದ ಸ್ತ್ರೀಯರೇ ನಿಂತು ಸಾಕ್ಷ್ಯ ನುಡಿದರು. ಸ್ತ್ರೀಯರ ಹಕ್ಕುಗಳು ಮಾನವ ಹಕ್ಕುಗಳಿಂದ ಬೇರ್ಪಡಿಸಲಾಗದ ಅಂಗವೆಂದು ಸರಕಾರಗಳು ಒಪ್ಪಿದವು. 1995ರಲ್ಲಿ ಬೀಜಿಂಗಿನಲ್ಲಿ 189 ಸರಕಾರಗಳು ಹನ್ನೆರಡು ವಿಷಯಗಳ ಕಾರ್ಯಕ್ರಮವನ್ನು ಅಂಗೀಕರಿಸಿದವು. ಹೆಣ್ಣುಮಗುವಿನ ಕ್ಷೇಮ ಅವುಗಳಲ್ಲಿ ಒಂದು.

ಹಳ್ಳಿಯಿಂದ ಶ್ರೇಷ್ಠ ನ್ಯಾಯಾಲಯಕ್ಕೆ

ಅಲ್ಲೆಲ್ಲೋ ಆದ ಠರಾವಿನಿಂದ ಇಲ್ಲಿಯ ಹೆಂಗಸಿಗೇನು ಎಂಬ ಪ್ರಶ್ನೆಗೆ ಒಂದೇ ಉದಾಹರಣೆಯಿಂದ ಉತ್ತರ ಹೇಳುವೆವು. 1992ರಲ್ಲಿ ರಾಜಸ್ಥಾನದ ಒಂದು ಹಳ್ಳಿಯಲ್ಲಿ, ಬಾಲ್ಯವಿವಾಹವನ್ನು ತಡೆಯಲು ಹೋದ ಗ್ರಾಮಸೇವಿಕೆಯೊಬ್ಬರು, ಆ ಕಾರಣಕ್ಕಾಗಿಯೇ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಅವರು ಸರಕಾರದ ಯೋಜನೆಯೊಂದರ ಕೆಲಸದಲ್ಲಿದ್ದರು. ಆದರೆ ಕೆಲಸ ಮಾಡುವ ಸ್ತ್ರೀಯ ರಕ್ಷಣೆಗಾಗಿ ಆಗ ನಮ್ಮಲ್ಲಿ ಪ್ರತ್ಯೇಕ ಶಾಸನವೇ ಇರಲಿಲ್ಲ. 'ವಿಶಾಖಾ' ಮೊದಲಾದ ಮಹಿಳಾ ಸಂಘಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕವು. 1997ರ ಆಗಸ್ಟ್ 13ರಂದು ನ್ಯಾಯಾಲಯವು, ದೇಶದಲ್ಲಿ ಕಾಯಿದೆ ಇಲ್ಲದಿರುವಾಗ, ದೇಶವು ಅನುಮೋದಿಸಿದ ಒಡಂಬಡಿಕೆಯನ್ನು ಸಂವಿಧಾನದ ಹಕ್ಕುಗಳೊಡನೆ ಓದಿಕೊಳ್ಳಬಹುದೆಂದು ತೀರ್ಮಾನಿಸಿ, ಉದ್ಯೋಗದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ ನಿಯಮಗಳನ್ನು ವಿಧಿಸಿತು. 2013ರಲ್ಲಿ ಅದು ಸಂಸತ್ತಿನ ಕಾಯಿದೆಯಾಯಿತು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿಯೊಂದು ಕಡೆಯೂ, ಶಾಲೆಗಳೂ ಸೇರಿ, ದೂರು ವಿಚಾರಿಸುವ ಸಮಿತಿಯನ್ನು ರಚಿಸತಕ್ಕದ್ದು. ಅದರ ಅಧ್ಯಕ್ಷರು ಸ್ತ್ರೀಯೇ ಆಗಿರತಕ್ಕದ್ದು.

1979ರಲ್ಲಿ ಬರೆದದ್ದು 1997ರಲ್ಲಿ ಕೆಲಸಕ್ಕೆ ಬಂದಿತು. ಕಾಗದ ತಾನಾಗಿ ನಡೆದುಬರಲಿಲ್ಲ. ಅದನ್ನು ಓದಿ ತಿಳಿದವರು ಅದನ್ನು ಹಿಡಿದು ನ್ಯಾಯಾಲಯದ ಬಾಗಿಲಿಗೆ ಹೋದರು. ಹಾಗೆಂದು ಆ ಸೇವಿಕೆಗೆ ನ್ಯಾಯ ಸಂದಿತೆಂದು ಯಾರೂ ತಿಳಿಯಕೂಡದು. ಕೆಳಗಿನ ನ್ಯಾಯಾಲಯವು 1995ರಲ್ಲಿ ಆಪಾದಿತರನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತ್ತು. ಅವರ ನೋವಿನಿಂದ ಹುಟ್ಟಿದ ರಕ್ಷಣೆ ಇತರರಿಗೆ ದೊರೆಯಿತು.

ನಮ್ಮ ಜಗಲಿಯವರೆಗೆ

ಇನ್ನೂ ಮುಗಿಯದ ಕೆಲಸಕ್ಕೂ ಒಂದು ನಿದರ್ಶನವಿದೆ. ನಮ್ಮ ವಿದ್ಯಾರ್ಥಿಗಳ ತಾಯಂದಿರಲ್ಲಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವರು ಇದ್ದಾರೆ. ಮನೆಯಲ್ಲಿ ಮಾಡಿದ ಕೆಲಸ ಕೆಲಸವೇ ಅಲ್ಲವೆಂಬ ಭಾವನೆ ಎಷ್ಟೋ ದೇಶಗಳಲ್ಲಿ ಇದ್ದಿತು. ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ 'ಸೇವಾ' ಸಂಘವು ಇತರ ದೇಶಗಳ ಇಂತಹ ಸಂಘಗಳೊಡನೆ ಸೇರಿ ವಾದಿಸಿದ್ದರಿಂದ, 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸಗಾರರ, ಎಂದರೆ ಮನೆಯಲ್ಲಿಯೇ ಕುಳಿತು ಇನ್ನೊಬ್ಬರಿಗಾಗಿ ಸರಕು ತಯಾರಿಸುವವರ, 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದಕ್ಕಾಗಿ ಅಷ್ಟು ದುಡಿದ ಸಂಘದ ತವರಾದ ಭಾರತವು ಅದನ್ನು ಅನುಮೋದಿಸಿಲ್ಲ.

ಆದುದರಿಂದ ಈ ಚರಿತ್ರೆಯಿಂದ ನಾವು ಕಲಿಯತಕ್ಕ ಪಾಠವಿಷ್ಟೆ: ಸಹಿ ಹಾಕುವುದು ಸರಕಾರದ ಕೆಲಸ, ಸಹಿಯನ್ನು ಉಳಿಸಿಕೊಳ್ಳುವಂತೆ ಮಾಡುವುದು ಜನರ ಕೆಲಸ. ಆ ಜನರಲ್ಲಿ ನಾವೂ ಸೇರಿದ್ದೇವೆ. ಗಡಿನಾಡಿನ ಕನ್ನಡ ಹೆಣ್ಣುಮಕ್ಕಳಿಗೆ ಮತ್ತೊಂದು ತೊಡಕುಂಟು. ತಮ್ಮ ರಕ್ಷಣೆಯ ನಿಯಮ ತಾವು ಚೆನ್ನಾಗಿ ಓದಬಲ್ಲ ಭಾಷೆಯಲ್ಲಿ ಗೋಡೆಯ ಮೇಲೆ ಇರದಿದ್ದರೆ, ಇದ್ದೂ ಇಲ್ಲದಂತೆ. ದೂರು ವಿಚಾರಿಸುವ ಸಮಿತಿಯ ವಿವರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಅದನ್ನು ಕನ್ನಡದಲ್ಲಿಯೂ ಬರೆದು ಹಚ್ಚುವುದು ನಮ್ಮಂತಹ ಪ್ರತಿಯೊಂದು ವಿದ್ಯಾಲಯದ ಕರ್ತವ್ಯ. ಮಗಳ ಓದನ್ನು ನಿಲ್ಲಿಸುವ ಯೋಚನೆ ಬಂದಾಗ ಒಮ್ಮೆ ಅಧ್ಯಾಪಕರೊಡನೆ ಮಾತಾಡಬೇಕೆಂದು ತಂದೆತಾಯಂದಿರಲ್ಲಿ ನಮ್ಮ ವಿನಂತಿ. ಹುಡುಗಿಯರು ಈ ಕಥೆಯನ್ನು ಓದಿದರೆ ಸಾಲದು, ಹುಡುಗರೂ ಓದಬೇಕು. ಏಕೆಂದರೆ ನಾಳೆ ಆ ಸಮಿತಿಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಇವರಿಬ್ಬರೂ ಒಟ್ಟಿಗೆ ಬಾಳಬೇಕಾಗಿದೆ.