ಓಡುವ ಎರೆ, ಮರೆಯಾಗುವ ಮೀನು

ಅರಳಗುಪ್ಪೆಯ ಸುತ್ತಣ ತೆಂಗಿನ ಸೀಮೆಯಲ್ಲಿ ಗಾಳ ಹಾಕುವುದೆಂದರೆ ಕಾಯುವ ಕೆಲಸ. ಬಿದಿರ ಕೋಲು, ದಾರ, ಬೆಂಡು, ಕೊಕ್ಕೆಗೆ ಚುಚ್ಚಿದ ಎರೆಹುಳು—ಇಷ್ಟಿದ್ದರೆ ಸಾಕು. ಕೆರೆಯ ಏರಿಯ ಮೇಲೆ ಕುಳಿತು ಬೆಂಡು ಮುಳುಗುವುದನ್ನು ನಿರೀಕ್ಷಿಸಬಹುದು. ಎರೆ ನಿಂತಲ್ಲೇ ಇರುತ್ತದೆ. ಮೀನು ಅದರ ಬಳಿಗೆ ಬರುತ್ತದೆ. ಆದರೆ ಬೇಟೆಯಾಡಿ ಬದುಕುವ ಮೀನಿನ ಸ್ವಭಾವವೇ ಬೇರೆ. ಓಡುವುದನ್ನು ಕಂಡರೆ ಅದಕ್ಕೆ ಆಸೆ ಹೆಚ್ಚು. ಅಂಥದನ್ನು ಹಿಡಿಯಹೊರಟವನು ಎರೆಯನ್ನೂ ಓಡಿಸಬೇಕು.

ದೋಣಿಯ ಹಿಂದೆ ಎರೆ

ಚಲಿಸುವ ದೋಣಿಯ ಹಿಂದೆ ಎರೆಯನ್ನು ಎಳೆದೊಯ್ಯುವ ಈ ವಿಧಾನಕ್ಕೆ ಟ್ರೋಲಿಂಗ್ ಎಂದು ಹೆಸರು. ಕರಾವಳಿಯ ಟ್ರಾಲ್ ಬಲೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಬಲೆಯೇ ಇಲ್ಲ. ಉತ್ತರ ಅಮೆರಿಕದ ಸರೋವರಗಳಲ್ಲಿ ವಾಲ್‌ಐ ಎಂಬ ಮೀನಿಗಾಗಿ ಈ ಕಲೆ ಬಹಳ ಸೂಕ್ಷ್ಮವಾಗಿ ಬೆಳೆದಿದೆ. ಬೆಕ್ಕಿನ ಕಣ್ಣಿನಂತೆ ಈ ಮೀನಿನ ಕಣ್ಣೂ ಬೆಳಕು ಬಿದ್ದಾಗ ಹೊಳೆಯುತ್ತದೆ. ಮಬ್ಬುಗತ್ತಲೆಯಲ್ಲೂ ಚೆನ್ನಾಗಿ ಕಾಣುವುದರಿಂದ ಮುಸ್ಸಂಜೆಯೇ ಇದರ ಬೇಟೆಯ ಹೊತ್ತು.

ದೋಣಿ ಗಂಟೆಗೆ ಒಂದೆರಡು ಮೈಲಿಗಿಂತ ಹೆಚ್ಚು ಓಡಬೇಕಿಲ್ಲ. ಮನುಷ್ಯನ ಮಂದನಡಿಗೆಯಷ್ಟಾದರೆ ಸಾಕು. ನೀರು ತಣ್ಣಗಿದ್ದರೆ ಇನ್ನೂ ನಿಧಾನ, ಬೆಚ್ಚಗಿದ್ದರೆ ತುಸು ಚುರುಕು. ಎಷ್ಟು ಉದ್ದ ದಾರ ಬಿಟ್ಟರೆ ಎರೆ ಎಷ್ಟು ಆಳಕ್ಕಿಳಿಯುತ್ತದೆ ಎಂಬ ಲೆಕ್ಕ ಬೇಕು. ಏಕೆಂದರೆ ವಾಲ್‌ಐ ಅನೇಕ ವೇಳೆ ತಳದ ಸಮೀಪದಲ್ಲೇ ಸುಳಿಯುತ್ತಿರುತ್ತದೆ. ಬಲ್ಲವರು ದೋಣಿಯನ್ನು ನೇರವಾಗಿ ನಡೆಸದೆ ಹಾವಿನಂತೆ ಬಳುಕಿಸುತ್ತಾರೆ. ದೋಣಿ ತಿರುಗುವಾಗ ಒಳಮಗ್ಗುಲಿನ ಎರೆ ನಿಧಾನಿಸುತ್ತದೆ, ಹೊರಮಗ್ಗುಲಿನದು ವೇಗವಾಗಿ ಧಾವಿಸುತ್ತದೆ. ಯಾವುದಕ್ಕೆ ಮೀನು ಬಾಯಿ ಹಾಕಿತೋ ಅದೇ ಅಂದಿನ ವೇಗ!

ರಾಗಿಯ ಎರೆ

ಕನ್ನಡ ನಾಡಿಗೆ ಗಾಳದ ಶಾಸ್ತ್ರ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ಕ್ಕೆಂದೇ ಒಂದು ಅಧ್ಯಾಯವಿದೆ. ಮೀನುಗಳ ಬಗೆ, ಅವುಗಳಿಗೆ ಒಪ್ಪುವ ಎರೆ, ಕೋಲು, ದಾರ, ಕೊಕ್ಕೆ—ಎಲ್ಲವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ.

ತುರುವೇಕೆರೆ ಸೀಮೆಯ ನೀರನ್ನು ಹೊತ್ತ ಶಿಂಷಾ ನದಿ ಮಾರ್ಕೋನಹಳ್ಳಿ, ಮದ್ದೂರುಗಳನ್ನು ದಾಟಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ, ಭೀಮೇಶ್ವರಿ, ಗಾಳಿಬೋರೆಗಳ ಕಾಡಿನ ನಡುವೆ ಹರಿಯುವ ಕಾವೇರಿಯೇ ಗಾಳದವರ ಪಾಲಿಗೆ ಜಗತ್ಪ್ರಸಿದ್ಧವಾದ ಮಹಶೀರ್ ಮೀನಿನ ನೆಲೆ. ಇಲ್ಲಿ ದೋಣಿ ಎಳೆಯಬೇಕಾಗಿರಲಿಲ್ಲ. ಎರೆಯನ್ನು ಓಡಿಸುವ ಕೆಲಸವನ್ನು ಹೊಳೆಯೇ ಮಾಡುತ್ತಿತ್ತು. ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ, ಕೊಕ್ಕೆಯನ್ನು ಒಳಗೆ ಹುದುಗಿಸಿ ಸೆಳವಿಗೆ ಎಸೆಯುತ್ತಿದ್ದರು. ಉಂಡೆ ಬಂಡೆಗಳ ನಡುವೆ ಉರುಳುತ್ತ ಸಾಗುತ್ತಿತ್ತು. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನ ಹಲ್ಲುಗಳಿಂದಲೇ ಅರೆಯುತ್ತದೆ. ಕೊಕ್ಕೆ ತಗುಲಿದೊಡನೆ ಅದು ಹೂಡುವ ಓಟ ಭಯಂಕರವಾದುದು. ಆಗ ಹರಿಗೋಲು ಹತ್ತಿ ಹೊಳೆಯ ಜೊತೆಗೇ ಅದರ ಬೆನ್ನಟ್ಟಬೇಕಾಗುತ್ತಿದ್ದುದೂ ಉಂಟು.

1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಅನಂತರದ ದಶಕಗಳಲ್ಲಿ ಡೈನಮೈಟಿನ ಸಿಡಿತಕ್ಕೆ ಎಷ್ಟೋ ಮೀನುಗಳು ಬಲಿಯಾದವು. 1978ರಲ್ಲಿ ಮೂವರು ಆಂಗ್ಲ ಗಾಳಗಾರರು ಇಲ್ಲಿ ಮಹಶೀರ್ ಇನ್ನೂ ಉಳಿದಿದೆ ಎಂದು ತೋರಿಸಿಕೊಟ್ಟರು. ಮುಂದೆ ಹೊಳೆಯ ದಡದಲ್ಲಿ ಶಿಬಿರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಂತವಾಗಿ ಮರಳಿ ನೀರಿಗೆ ಬಿಡುವುದು ಅಲ್ಲಿನ ನಿಯಮವಾಯಿತು.

ಲೆಕ್ಕದ ಪುಸ್ತಕ ಹೇಳಿದ್ದು

ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಮೀನುಗಳು 6,000ಕ್ಕೂ ಹೆಚ್ಚು. 2015ರಲ್ಲಿ ವಿಜ್ಞಾನಿಗಳು ಆ ಲೆಕ್ಕವನ್ನು ಪರಿಶೀಲಿಸಿದಾಗ ವಿಚಿತ್ರವೊಂದು ಕಂಡಿತು. ಸಿಕ್ಕುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಗಾತ್ರ ಮಾತ್ರ ಇಳಿದಿತ್ತು. ಹೆಚ್ಚಿದ್ದು ಮರಿಸಾಕಣೆಯ ಕೇಂದ್ರಗಳಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ದೈತ್ಯ ಮಹಶೀರ್ ಸದ್ದಿಲ್ಲದೆ ಕ್ಷೀಣಿಸಿತ್ತು. ಹೊಳೆ ತುಂಬಿದೆಯೆಂದು ಎಲ್ಲರೂ ಹಿಗ್ಗುತ್ತಿದ್ದಾಗಲೇ ಮನೆಯ ಮಗನು ಮನೆಬಿಟ್ಟು ಹೋಗಿದ್ದ!

ಇನ್ನೂ ಸೋಜಿಗವೆಂದರೆ, ಲೋಕಖ್ಯಾತವಾದ ಈ ಮೀನಿಗೆ ಒಪ್ಪಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಅದು ಟಾರ್ ರೆಮಾದೇವಿಯೈ ಎಂದು ನಿರ್ಧಾರವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಳಿವಿನಂಚಿನ’ ಜೀವಿಯಾಗಿ ಸೇರಿತು. ಹೆಸರೂ ಮರಣಭಯವೂ ಒಟ್ಟಿಗೇ ಬಂದಂತಾಯಿತು.

ಅಭಯಾರಣ್ಯದೊಳಗೆ ಗಾಳದ ಆಟ ನಿಂತುಹೋದದ್ದರಿಂದ ಶಿಬಿರದ ಲೆಕ್ಕವೂ 2012ಕ್ಕೆ ಮುಗಿಯಿತು. ಗಾಳದಿಂದ ಮೀನಿಗೆ ನೋವಾಗುವುದು ದಿಟ. ಆದರೆ ಗಾಳಗಾರನ ಕಣ್ಣು ಹೊಳೆಯ ಮೇಲಿದ್ದಷ್ಟು ಕಾಲ ಕಳ್ಳಬೇಟೆಗೆ ಅಂಜಿಕೆಯಿತ್ತು, ನದಿಯ ಒಳಗುಟ್ಟು ಹೊರಬೀಳುತ್ತಿತ್ತು ಎಂಬುದೂ ಅಷ್ಟೇ ದಿಟ. ಎರೆಯ ವೇಗವನ್ನು ಮೀನಿನ ಮನಸ್ಸಿಗೆ ಹೊಂದಿಸಬಲ್ಲವನಿಗೆ ಮೀನಿನ ಕಷ್ಟವೂ ಬೇಗ ತಿಳಿಯುತ್ತದೆ. ಗಾಳ ಬೇಡವೆಂದಾದರೆ ಆಗಲಿ. ಆದರೆ ಹೊಳೆಯನ್ನು ದಿನವೂ ನೋಡಿ ಬರೆದಿಡುವ ಕೈಯೊಂದು ಬೇಕೇ ಬೇಕು. ಗೂನುಬೆನ್ನಿನ ಮಹಶೀರ್ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ಕೈಯನ್ನೇ ಅವಲಂಬಿಸಿದೆ.